ಕೊಲೆ ಕತೆ ಕೇಳಿಕೊಂಡು ಬೀನ್ಸ್ ಹೆಚ್ಚೋದು ತಪ್ಪಾ?

ಹೋದ ತಿಂಗಳು ಇನ್ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ನಾನೂ ರಾತ್ರಿ ಮಲಗುವ ಮುಂಚೆ ಕ್ರೈಂ ಪಾಡ್‌ಕಾಸ್ಟ್ ಕೇಳುತ್ತೇನೆ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ. ಅಷ್ಟಕ್ಕೇ ಪತ್ರಗಳು ಶುರುವಾದವು. "ಅಯ್ಯೋ, ನೀವೂನಾ" ಅಂತ ಕೆಲವರು ಖುಷಿಪಟ್ಟಿದ್ದಾರೆ. "ನಿಮ್ಮಂಥವರೂ ಹೀಗಾ" ಅಂತ ಕೆಲವರು ಬೇಜಾರು ಮಾಡಿಕೊಂಡಿದ್ದಾರೆ. ಸೈಟಿನ ತಗಾದೆ, ಮಕ್ಕಳ ಹಟ, ತಲೆಗೂದಲು ಉದುರುವ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ ಇರಲಿ. ಈ ಸಲ ಬರೀ ಕೊಲೆ.

ಪ್ರಶ್ನೆ: ನನಗೆ 41 ವರ್ಷ, ಊರು ದಾವಣಗೆರೆ. ಅಡುಗೆ ಮಾಡುವಾಗ ಇಯರ್‌ಫೋನ್ ಹಾಕಿಕೊಂಡು ನಿಜವಾಗಿ ನಡೆದ ಕೊಲೆಗಳ ಕತೆ ಕೇಳುತ್ತೇನೆ. ಮೊನ್ನೆ ಬೀನ್ಸ್ ಹೆಚ್ಚುತ್ತಿದ್ದಾಗ ನಮ್ಮವರು ಬಂದು, "ಕೈಯಲ್ಲಿ ಚಾಕು, ಕಿವಿಯಲ್ಲಿ ಕೊಲೆ, ನನಗೆ ಭಯ ಆಗುತ್ತೆ ಕಣೇ" ಅಂದರು. ತಮಾಷೆಗೇ ಅಂದಿದ್ದು, ಆದರೂ ಚುಚ್ಚಿತು. ನಾನು ಜಿರಲೆ ಕಂಡರೂ ಅವರನ್ನೇ ಕೂಗುವವಳು. ನನಗ್ಯಾಕೆ ಈ ಹುಚ್ಚು?

ಉತ್ತರ: ಈ ಚಟ ಇರುವವರನ್ನೆಲ್ಲ ಅನುಮಾನಿಸುವುದಾದರೆ ಅರ್ಧ ದಾವಣಗೆರೆಯನ್ನು ಲಾಕಪ್ಪಿಗೆ ಹಾಕಬೇಕಾಗುತ್ತೆ ಅಂತ ನಿಮ್ಮವರಿಗೆ ಹೇಳಿ. ಇದು ಮೊಬೈಲ್ ತಂದ ಹುಚ್ಚೂ ಅಲ್ಲ. ಉತ್ತರ ಕರ್ನಾಟಕದ ಹಿರಿಯರನ್ನು ಸಂಗ್ಯಾ ಬಾಳ್ಯಾ ಸಣ್ಣಾಟದ ಬಗ್ಗೆ ಕೇಳಿ ನೋಡಿ. ಸಂಗ್ಯಾ ಅನ್ನುವ ಸಾಹುಕಾರರ ಹುಡುಗ, ಅವನ ಜೀವದ ಗೆಳೆಯ ಬಾಳ್ಯಾ, ಇನ್ನೊಬ್ಬನ ಹೆಂಡತಿ ಗಂಗಿ, ಕೊನೆಗೆ ಗೆಳೆಯನೇ ಕೈಕೊಟ್ಟು ಸಂಗ್ಯಾನ ಕೊಲೆ. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯ ಮೇಲೆ ಕಟ್ಟಿದ ಆಟ ಅದು. ಯಾರು ಸಾಯುತ್ತಾರೆ, ಯಾರು ಸಾಯಿಸುತ್ತಾರೆ ಅಂತ ಕೂತವರಿಗೆಲ್ಲ ಮೊದಲೇ ಗೊತ್ತು. ಆದರೂ ಚಾಪೆ ಹಾಸಿಕೊಂಡು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಳಗಿನ ಜಾವದವರೆಗೂ ನೋಡಿ, ಮುಂದಿನ ವರ್ಷ ಮತ್ತೆ ಬಂದು ಕೂರುತ್ತಿದ್ದರು. ನೀವು ಕೇಳುತ್ತಿರುವುದು ಅದೇ ಆಟ, ಚಾಪೆ ಒಂದಿಲ್ಲ ಅಷ್ಟೇ.

ಹೆಂಗಸರಿಗೇ ಇದರ ಮೇಲೆ ಜಾಸ್ತಿ ಒಲವು ಅನ್ನೋದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆಜಾನ್‌ನಲ್ಲಿ ಓದುಗರು ಪುಸ್ತಕಗಳ ಬಗ್ಗೆ ಬರೆದ ಅಭಿಪ್ರಾಯಗಳನ್ನು ಎಣಿಸಿದಾಗ ನಿಜ ಕೊಲೆಗಳ ಪುಸ್ತಕಗಳಿಗೆ ಬರೆದವರಲ್ಲಿ ಹೆಂಗಸರು ಹೆಚ್ಚು, ಯುದ್ಧದ ಪುಸ್ತಕಗಳಿಗೆ ಗಂಡಸರು ಹೆಚ್ಚು. ಆಮೇಲೆ ಎರಡು ಪುಸ್ತಕದಲ್ಲಿ ಯಾವುದು ಬೇಕು ಅಂತ ಆರಿಸಲು ಕೊಟ್ಟರು. ಒಂದರಲ್ಲಿ ಸಿಕ್ಕಿಬಿದ್ದವಳು ಯಾವುದೋ ಉಪಾಯ ಮಾಡಿ ತಪ್ಪಿಸಿಕೊಳ್ಳುತ್ತಾಳೆ, ಇನ್ನೊಂದರಲ್ಲಿ ಆ ಉಪಾಯದ ಮಾತಿಲ್ಲ. ಹೆಂಗಸರ ಕೈ ಉಪಾಯ ಇರುವ ಪುಸ್ತಕದ ಕಡೆಗೇ ಜಾಸ್ತಿ ಹೋಯಿತು.

ನನಗೆ ಇದು ಓದಿದ ಕೂಡಲೇ ಸರಿ ಅನ್ನಿಸಿತು. ಹುಡುಗಿಯರಿಗೆ ಚಿಕ್ಕಂದಿನಿಂದ "ಹುಷಾರು", "ಕತ್ತಲಾಗೋ ಮುಂಚೆ ಮನೆಗೆ ಬಾ" ಅಂತ ಹೇಳುತ್ತಾರೆ ಹೊರತು, ಅಪಾಯ ನೋಡೋಕೆ ಹೇಗಿರುತ್ತೆ, ಯಾವ ಮಾತಾಡುತ್ತೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಸೈನೈಡ್ ಮೋಹನನ ಕೇಸು ನೆನಪಿದೆಯಲ್ಲ, 2013ರಲ್ಲಿ ಮಂಗಳೂರಿನ ಕೋರ್ಟ್ ತಪ್ಪಿತಸ್ಥ ಅಂತ ತೀರ್ಪು ಕೊಟ್ಟಿತು. ಕತ್ತಲಲ್ಲಿ ಹೊಂಚು ಹಾಕುವವನಲ್ಲ ಅವನು. ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಬಡವರ ಮನೆ ಹೆಣ್ಣುಮಕ್ಕಳ ಹತ್ತಿರ ನಯವಾಗಿ ಮಾತಾಡಿ, ವರದಕ್ಷಿಣೆ ಬೇಡ, ಮದುವೆ ಆಗ್ತೀನಿ ಅಂತ ನಂಬಿಸಿ ಕರೆದುಕೊಂಡು ಹೋಗಿ ಕೊಲ್ಲುತ್ತಿದ್ದ. "ಕತ್ತಲಾಗೋ ಮುಂಚೆ ಮನೆಗೆ ಬಾ" ಅನ್ನುವ ಬುದ್ಧಿಮಾತು ಅಲ್ಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಒಳ್ಳೆಯ ಮಾತು ಯಾವಾಗ ಅತಿಯಾಯಿತು ಅಂತ ಗುರುತಿಸುವ ಅಭ್ಯಾಸವನ್ನು ನೀವು ಬೀನ್ಸ್ ಹೆಚ್ಚುತ್ತಾ, ಬಾಗಿಲು ಹಾಕಿದ ಅಡುಗೆಮನೆಯಲ್ಲಿ, ಯಾವ ಅಪಾಯವೂ ಇಲ್ಲದೆ ಮಾಡುತ್ತಿದ್ದೀರಿ. ನಿದ್ದೆ ಕೆಡದಿದ್ದರೆ, ಸಾರು ಸೀಯದಿದ್ದರೆ, ಮಾಡಿ.

ಪ್ರಶ್ನೆ: ಪತ್ತೆಯಾದ ಕೇಸುಗಳನ್ನು ನೋಡಿ ಮರೆತುಬಿಡುತ್ತೇನೆ. ಪತ್ತೆಯಾಗದೆ ಉಳಿದದ್ದು ಮಾತ್ರ ತಿಂಗಳುಗಟ್ಟಲೆ ತಲೆಯಲ್ಲೇ ಸುತ್ತುತ್ತೆ, ಕೆಲಸದ ಮಧ್ಯೆಯೂ ಅದೇ ಯೋಚನೆ. ಉತ್ತರ ಇಲ್ಲದ್ದಕ್ಕೆ ಯಾಕಿಷ್ಟು ಸೆಳೆತ? — ಹುಬ್ಬಳ್ಳಿಯ ಒಬ್ಬ ಸಾಫ್ಟ್‌ವೇರ್ ಹುಡುಗ

ಉತ್ತರ: ನಮ್ಮ ಊರಿನ ಅಂಗಡಿಯಲ್ಲಿ ಕಡಲೆಕಾಯನ್ನು ಹಳೇ ಪೇಪರಿನ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದರು. ಕಡಲೆಕಾಯಿ ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದುವುದು ನನ್ನ ಕೆಲಸ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಲ, ಬಾವಿಯಲ್ಲಿ ಸಿಕ್ಕಿದ ಹೆಣವೊಂದರ ಸುದ್ದಿ ಬಂತು. ಮೈಮೇಲೆ ಒಡವೆ ಎಲ್ಲ ಹಾಗೇ ಇದೆ, ಮನೆಯವರು ಯಾರೂ ಬಂದಿಲ್ಲ, ಪೊಲೀಸರಿಗೆ ಸಂಶಯ ಇರುವುದು... ಅಲ್ಲಿಗೆ ಪೇಪರ್ ಹರಿದಿತ್ತು. ಆ ವಯಸ್ಸಿನಲ್ಲಿ ಪೂರ್ತಿ ಓದಿದ ಒಂದೂ ಸುದ್ದಿ ಇವತ್ತು ನೆನಪಿಲ್ಲ. ಆ ಹರಿದ ಅಂಚು ನೆನಪಿದೆ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ, ಝೈಗಾರ್ನಿಕ್ ಪರಿಣಾಮ ಅಂತ. ಬ್ಲೂಮಾ ಝೈಗಾರ್ನಿಕ್ ಬರ್ಲಿನ್‌ನಲ್ಲಿ ಓದುತ್ತಿದ್ದ ಹೆಣ್ಣುಮಗಳು. ಹೋಟೆಲಿನ ಮಾಣಿಗಳಿಗೆ ಬಿಲ್ ಆಗುವವರೆಗೂ ಆರ್ಡರೆಲ್ಲ ಬಾಯಿಪಾಠ ಇರುತ್ತೆ, ದುಡ್ಡು ಕೊಟ್ಟ ಕೂಡಲೇ ಮರೆತುಹೋಗುತ್ತೆ ಅಂತ ಅವರ ಗುರು ಗಮನಿಸಿದ್ದರಂತೆ. ನಮ್ಮ ಉಡುಪಿ ಹೋಟೆಲಿನ ಸಪ್ಲೈಯರ್‌ಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ. ಆರು ಟೇಬಲಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ಗಲ್ಲಾದ ಕಡೆಗೆ ಕೂಗಿ ಹೇಳುತ್ತಾರೆ, ನೀವು ಬಾಗಿಲು ದಾಟಿದಿರೋ, ನೀವು ಯಾರೋ ಏನೋ. 1927ರಲ್ಲಿ ಝೈಗಾರ್ನಿಕ್ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ಕೆಲಸ ಜಾಸ್ತಿ ನೆನಪಿರುತ್ತೆ. ಆಮೇಲೆ ಬೇರೆಯವರು ಮಾಡಿದಾಗ ಪ್ರತಿ ಸಲವೂ ಇದೇ ಫಲಿತಾಂಶ ಬಂದಿಲ್ಲ, ಆ ಮಾತು ಬೇರೆ. ಆದರೆ ಪತ್ತೆಯಾಗದ ಕೇಸಿನ ವಿಷಯಕ್ಕೆ ಬಂದರೆ ನಾವೆಲ್ಲ ಬಿಲ್ ಆಗದ ಟೇಬಲಿನ ಮುಂದೆ ನಿಂತ ಸಪ್ಲೈಯರ್‌ಗಳೇ.

ಈ ಬಾಕಿ ಲೆಕ್ಕ ಒಬ್ಬ ಮನುಷ್ಯನನ್ನು ಎಲ್ಲಿವರೆಗೆ ಎಳೆದುಕೊಂಡು ಹೋಗಬಹುದು ಅನ್ನೋದಕ್ಕೆ ನನಗೆ ಇಷ್ಟವಾದ ಕತೆ ಆಸ್ಟ್ರೇಲಿಯಾದ್ದು. 1948ರ ಡಿಸೆಂಬರ್ 1, ಅಡಿಲೇಡ್ ಊರಿನ ಸೋಮರ್ಟನ್ ಕಡಲತೀರ. ಒಳ್ಳೆಯ ಸೂಟು ಹಾಕಿದ ಗಂಡಸೊಬ್ಬ ತಡೆಗೋಡೆಗೆ ಒರಗಿ ಸತ್ತಿದ್ದಾನೆ. ಬಟ್ಟೆಗಳ ಲೇಬಲ್ ಇಲ್ಲ. ಹೆಸರು ಗೊತ್ತಿಲ್ಲ, ಹೇಗೆ ಸತ್ತ ಅಂತಲೂ ಗೊತ್ತಾಗಲಿಲ್ಲ. ತಿಂಗಳುಗಳ ನಂತರ ಅವನ ಪ್ಯಾಂಟಿನ ಒಂದು ಪುಟ್ಟ ಜೇಬಿನಲ್ಲಿ ಸುರುಳಿ ಸುತ್ತಿದ ಚೂರು ಕಾಗದ ಸಿಕ್ಕಿತು. ಅದರಲ್ಲಿ ಪರ್ಷಿಯನ್ ಭಾಷೆಯ ಎರಡೇ ಪದ, "ತಮಾಮ್ ಶುದ್". ಮುಗಿಯಿತು ಅಂತ ಅರ್ಥ. ಉಮರ್ ಖಯ್ಯಾಮನ ರುಬಾಯಿಗಳ ಇಂಗ್ಲಿಷ್ ಪುಸ್ತಕವೊಂದರ ಕೊನೆಯ ಪುಟದಿಂದ ಹರಿದದ್ದು ಅದು. (ಡಿವಿಜಿಯವರು "ಉಮರನ ಒಸಗೆ" ಅಂತ ಕನ್ನಡಕ್ಕೆ ತಂದರಲ್ಲ, ಅವೇ ಪದ್ಯಗಳು. ಆ ಪುಸ್ತಕ ನಮ್ಮ ಮನೆಯ ಕಪಾಟಿನಲ್ಲೂ ಇದೆ, ಈ ಕತೆ ಓದಿದ ರಾತ್ರಿ ಎದ್ದು ಹೋಗಿ ಕೊನೆಯ ಪುಟ ಇದೆಯಾ ಅಂತ ನೋಡಿಬಂದೆ!) ಆ ಪುಸ್ತಕವೂ ಸಿಕ್ಕಿತು. ಅದರ ಹಿಂದೆ ಅರ್ಥವಾಗದ ಅಕ್ಷರಗಳ ಸಾಲು, ಜೊತೆಗೆ ಹತ್ತಿರದಲ್ಲೇ ಇದ್ದ ಒಬ್ಬ ನರ್ಸಿನ ಫೋನ್ ನಂಬರ್. ಆಕೆ ನನಗೇನೂ ಗೊತ್ತಿಲ್ಲ ಅಂದರು.

ಅಡಿಲೇಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡೆರೆಕ್ ಆಬಟ್ ಇದರ ಹಿಂದೆ ಬಿದ್ದರು. ಎಷ್ಟರಮಟ್ಟಿಗೆ ಅಂದರೆ, ಆ ನರ್ಸಿನ ಮೊಮ್ಮಗಳು ಸತ್ತವನ ಮೊಮ್ಮಗಳೂ ಇರಬಹುದು ಅಂತ ಹುಡುಕಿಕೊಂಡು ಹೋಗಿ, ಕೊನೆಗೆ ಆಕೆಯನ್ನೇ ಮದುವೆಯಾದರು. ಕಟ್ಟುಕತೆಯಲ್ಲಿ ಬರೆದಿದ್ದರೆ ಸಂಪಾದಕರು ವಾಪಸ್ ಕಳಿಸುತ್ತಿದ್ದರು. 2021ರಲ್ಲಿ ಪೊಲೀಸರು ಗೋರಿ ತೆಗೆಸಿದರು. 2022ರ ಜುಲೈನಲ್ಲಿ ಆಬಟ್, ಸತ್ತವನ ಮುಖದ ಅಚ್ಚಿನಲ್ಲಿ ಅಂಟಿಕೊಂಡಿದ್ದ ಕೂದಲಿನ ಡಿಎನ್‌ಎಯಿಂದ ಅವನು ಮೆಲ್ಬರ್ನಿನ ಕಾರ್ಲ್ ವೆಬ್, ಎಲೆಕ್ಟ್ರಿಕಲ್ ಕೆಲಸ ಗೊತ್ತಿದ್ದವನು ಅಂತ ಹೇಳಿದರು. ಆಬಟ್ ಅವರ ಹೆಂಡತಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ಗೂಢಚಾರ, ವಿಷ, ಪ್ರೇಮ ಅಂತ 70 ವರ್ಷಕ್ಕೂ ಜಾಸ್ತಿ ಜನ ಕಟ್ಟಿದ್ದ ಕೋಟೆ ಒಂದು ಸಾಧಾರಣ ಹೆಸರಿನ ಮುಂದೆ ಕುಸಿಯಿತು. ನಿಜ ಹೇಳಬೇಕಂದರೆ ಆ ಸುದ್ದಿ ಓದಿ ನನಗೆ ಸ್ವಲ್ಪ ನಿರಾಸೆಯೇ ಆಯಿತು, ಆಮೇಲೆ ನಿರಾಸೆ ಆದದ್ದಕ್ಕೆ ನಾಚಿಕೆಯೂ ಆಯಿತು. ಅವನ ಕಡೆಯವರಿಗೆ ಅವನು ಒಗಟಲ್ಲ, ಮನೆ ಬಿಟ್ಟು ಹೋಗಿ ವಾಪಸ್ ಬರದವನು. ನೀವು ಲೆಕ್ಕ ಚುಕ್ತಾ ಆಗಲಿ ಅಂತ ಕಾಯುತ್ತಿದ್ದೀರಾ, ಅಥವಾ ಆಗದೇ ಇರಲಿ ಅಂತಲಾ, ಒಮ್ಮೆ ಕೇಳಿಕೊಳ್ಳಿ. ನನಗಂತೂ ಎರಡೂ ಇದೆ.

ಪ್ರಶ್ನೆ: ನಮ್ಮ ಅತ್ತೆ ದಿನಾ ರಾತ್ರಿ ಟಿವಿಯಲ್ಲಿ ಕ್ರೈಂ ಕಾರ್ಯಕ್ರಮ ನೋಡಿ ಬಾಗಿಲಿಗೆ ಮೂರು ಚಿಲಕ ಹಾಕುತ್ತಾರೆ. ಕೊರಿಯರ್ ಹುಡುಗ ಬಂದರೂ ಕಿಟಕಿಯಿಂದಲೇ ವಿಚಾರಣೆ. ಮೈಸೂರಿನಲ್ಲಿ ಇಷ್ಟೊಂದು ಹೆದರಬೇಕಾ?

ಉತ್ತರ: ಒಂದು ಚಿಲಕ ಸಾಕು. ಜಾರ್ಜ್ ಗರ್ಬನರ್ ಅನ್ನುವ ಅಮೆರಿಕದ ಸಂಶೋಧಕರು 1970ರ ದಶಕದಲ್ಲೇ ಹೇಳಿದ್ದರು, ಟಿವಿ ಜಾಸ್ತಿ ನೋಡುವವರಿಗೆ ಹೊರಗಿನ ಜಗತ್ತು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತೆ ಅಂತ. ಅದಕ್ಕೆ ಆ ಡಮರುಗದಂಥ ಹಿನ್ನೆಲೆ ಸಂಗೀತ, ಒಂದೇ ದೃಶ್ಯ ನಾಲ್ಕು ಸಲ ತೋರಿಸುವುದು ಸೇರಿದರೆ ಪಾಪ ಅತ್ತೆಯವರದೇನು ತಪ್ಪು.

ಆದರೆ ಲೆಕ್ಕ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. ಆಮೇಲೆ ಹಳೇ ದ್ವೇಷ. ಹಣ ಒಡವೆ ಆಸೆಗೆ ಆದದ್ದು ಇವೆರಡಕ್ಕಿಂತ ತುಂಬಾ ಕಡಿಮೆ. ಅಂದರೆ ನಿಜವಾದ ಕೊಲೆ ಬಹಳ ಸಲ ಬದುವಿನ ಜಗಳ, ಸಾಲದ ಮಾತು, ಕುಡಿದಾಗ ಎದ್ದ ಹಳೇ ಸಿಟ್ಟು. ಪೊಲೀಸರು ಬರುವ ಹೊತ್ತಿಗೆ ಯಾರು ಮಾಡಿದ್ದು ಅಂತ ಇಡೀ ಊರಿಗೆ ಗೊತ್ತಿರುತ್ತೆ. ಅದರಲ್ಲಿ ಒಗಟಿಲ್ಲ, ಹಾಗಾಗಿ ಅದು ಎಪಿಸೋಡ್ ಆಗುವುದಿಲ್ಲ. ಲಕ್ಷಕ್ಕೊಂದು ವಿಚಿತ್ರ ಕೇಸು ಎಪಿಸೋಡ್ ಆಗುತ್ತೆ, ಅದನ್ನೇ ದಿನಾ ನೋಡಿದರೆ ಲಕ್ಷವೂ ಹಾಗೇ ಅನ್ನಿಸುತ್ತೆ. ಕೊರಿಯರ್ ಹುಡುಗನಿಗೆ ಒಂದು ಲೋಟ ನೀರು ಕೊಡಲು ಹೇಳಿ.

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿ, ತುಮಕೂರು. ಗೆಳೆಯರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ ನಮ್ಮ ಜಿಲ್ಲೆಯ ಹಳೇ ಕೇಸೊಂದನ್ನು ಬಗೆಹರಿಸುತ್ತಿದ್ದೇವೆ. ಒಬ್ಬನ ಮೇಲೆ ಬಲವಾದ ಅನುಮಾನ ಇದೆ. ಫೋಟೋ ಹಾಕಬಹುದಾ?

ಉತ್ತರ: ಹಾಕಬೇಡಿ. ಪತ್ರ ಓದಿದ ಕೂಡಲೇ ಎದೆ ಧಸಕ್ ಅಂದಿತು.

2013ರಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದಾಗ ಸಾವಿರಾರು ಜನ ಅಂತರ್ಜಾಲದಲ್ಲಿ ಕೂತು ಫೋಟೋ ಹೋಲಿಸಿದರು. ಕಾಣೆಯಾಗಿದ್ದ ಒಬ್ಬ ಭಾರತೀಯ ಮೂಲದ ವಿದ್ಯಾರ್ಥಿಯೇ ಬಾಂಬರ್ ಅಂತ ತೀರ್ಮಾನಿಸಿಬಿಟ್ಟರು. ಮಗ ಸಿಗಲಿಲ್ಲ ಅಂತ ಕಂಗಾಲಾಗಿದ್ದ ಆ ಮನೆಯವರಿಗೆ ಬೈಗುಳದ ಸುರಿಮಳೆ. ಅವನಿಗೂ ಬಾಂಬಿಗೂ ಸಂಬಂಧವೇ ಇರಲಿಲ್ಲ. ಕೆಲವು ದಿನದ ಮೇಲೆ ಹುಡುಗನ ಹೆಣ ನದಿಯಲ್ಲಿ ಸಿಕ್ಕಿತು. ಬೈದವರೆಲ್ಲ ಬೇರೆ ಕೇಸಿಗೆ ಹೋಗಿದ್ದರು.

ಹವ್ಯಾಸಿಗಳು ಏನೂ ಸಾಧಿಸಿಲ್ಲ ಅಂತ ನಾನು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಝೋಡಿಯಾಕ್ ಹಂತಕ 1969ರಲ್ಲಿ ಪತ್ರಿಕೆಗೆ 340 ಚಿಹ್ನೆಗಳ ಒಂದು ಗೂಢಲಿಪಿ ಕಳಿಸಿದ್ದ. 51 ವರ್ಷ ಯಾರಿಗೂ ಬಗ್ಗಲಿಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಬೆಲ್ಜಿಯಂನ ಮೂವರು ಹವ್ಯಾಸಿಗಳು ಅದನ್ನು ಬಿಡಿಸಿದರು. ಅದರಲ್ಲಿ ಹಂತಕನ ಹೆಸರು ಇರಲಿಲ್ಲ, ಇವತ್ತಿಗೂ ಅವನು ಯಾರೋ. ಆದರೆ ಕೆಲಸ ಅಚ್ಚುಕಟ್ಟು. ಯಾಕೆ ಗೊತ್ತಾ? ಅವರು ಬೆನ್ನು ಹತ್ತಿದ್ದು ಅಕ್ಷರಗಳನ್ನು. ಅಕ್ಷರಕ್ಕೆ ಅಮ್ಮ ಇಲ್ಲ, ಬಾಡಿಗೆ ಮನೆ ಇಲ್ಲ, ತಪ್ಪಾಗಿ ಊಹಿಸಿದರೆ ಅಳಿಸಿ ಮತ್ತೆ ಬರೆಯಬಹುದು. ಮುಖದ ಬೆನ್ನು ಹತ್ತಿದರೆ ಅಳಿಸೋಕೆ ಆಗಲ್ಲ.

ಅದೇ ಕ್ಯಾಲಿಫೋರ್ನಿಯಾದಲ್ಲಿ 1970–80ರ ದಶಕದಲ್ಲಿ ಕನಿಷ್ಠ 13 ಜನರನ್ನು ಕೊಂದವನು 2018ರಲ್ಲಿ ಸಿಕ್ಕಿಬಿದ್ದ. ತನಿಖೆಯವರು ಅವನ ಡಿಎನ್‌ಎಯನ್ನು ವಂಶವೃಕ್ಷದ ವೆಬ್‌ಸೈಟಿಗೆ ಹಾಕಿ, ದೂರದ ನೆಂಟರನ್ನು ಹಿಡಿದು, ಕೊಂಬೆ ಕೊಂಬೆ ಇಳಿದು ಬಂದರು. ನೋಡಿದರೆ ಹಿಂದೆ ಪೊಲೀಸ್ ಆಗಿದ್ದವನೇ, ಆಗ 72 ವರ್ಷದ ಮುದುಕ. ನಡತೆ ನೋಡಿ, ಮುಖ ನೋಡಿ ಊಹಿಸುವ ನಿಮ್ಮ ಗುಂಪಿಗೆ ಅವನು ಯಾವತ್ತಾದರೂ ಸಿಗುತ್ತಿದ್ದನಾ? ನಿಮಗೆ ನಿಜವಾಗಿ ಏನಾದರೂ ಗೊತ್ತಿದ್ದರೆ ಠಾಣೆಗೆ ಹೋಗಿ ಬರೆದುಕೊಡಿ. ಬರೀ ಅನುಮಾನ ಆದರೆ ಗುಂಪಿನ ಹೆಸರು ಬದಲಾಯಿಸಿ ಕ್ರಿಕೆಟ್ ಮಾತಾಡಿ.

ಪ್ರಶ್ನೆ: ಹೆಸರು, ಊರು ಎರಡೂ ಬೇಡ. ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಚಿಕ್ಕಮ್ಮನ ಕೊಲೆ ಆಯಿತು. ಯಾರು ಮಾಡಿದ್ದು ಅಂತ ಗೊತ್ತಾಗಲಿಲ್ಲ, ಸಿ ರಿಪೋರ್ಟ್ ಹಾಕಿದರು. ಈಗ ಯಾರೋ ಯೂಟ್ಯೂಬಿನಲ್ಲಿ ಅವರ ಕತೆ ಹಾಕಿದ್ದಾರೆ. ಅರ್ಧ ಸುಳ್ಳು. ಅವರ ನಡತೆಯ ಬಗ್ಗೆ ಕೆಳಗೆ ಜನ ಏನೇನೋ ಬರೆದಿದ್ದಾರೆ. ಅಮ್ಮ ಅದನ್ನು ನೋಡಿದ ಮೇಲೆ ಸರಿಯಾಗಿ ಊಟ ಮಾಡುತ್ತಿಲ್ಲ. ಚಿಕ್ಕಮ್ಮ ಬ್ಲೌಸ್ ಹೊಲಿಯುತ್ತಿದ್ದರು, ಕೇರಿಯ ಹೆಣ್ಣುಮಕ್ಕಳ ಮದುವೆ ಬ್ಲೌಸಿಗೆ ಹುಕ್ಕಿನ ದುಡ್ಡು ಕೂಡ ತಗೊಳ್ಳುತ್ತಿರಲಿಲ್ಲ. ವಿಡಿಯೋದಲ್ಲಿ ಅದು ಇಲ್ಲ. ನೀವೂ ಇಂಥದ್ದನ್ನು ಕೇಳುತ್ತೀರಿ ಅಂತ ಬರೆದಿದ್ದೀರಿ. ನಿಮಗೆ ಏನು ಅನ್ನಿಸುತ್ತೆ?

ಉತ್ತರ: ಈ ಪತ್ರವನ್ನು ಎರಡು ದಿನ ಮೇಜಿನ ಮೇಲೇ ಇಟ್ಟಿದ್ದೆ. ನಿಮ್ಮ ಚಿಕ್ಕಮ್ಮನ ವಿಡಿಯೋ ನನ್ನ ಮುಂದೆ ಬಂದಿದ್ದರೆ ನಾನೂ ಪೂರ್ತಿ ಕೇಳುತ್ತಿದ್ದೆ ಅನ್ನಿಸುತ್ತೆ. ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ.

ಮೊದಲು ಕೆಲಸದ ಮಾತು. ಸಿ ರಿಪೋರ್ಟ್ ಅಂದರೆ ಕೇಸು ಸುಳ್ಳು ಅಂತ ಅಲ್ಲ, ಅದು ಬಿ ರಿಪೋರ್ಟ್. ಸಿ ಅಂದರೆ ಪತ್ತೆಯಾಗಲಿಲ್ಲ ಅಂತ ಮಾತ್ರ. ಕೊಲೆಗೆ ಕಾಲದ ಮಿತಿ ಇಲ್ಲ. ಹೊಸ ಸಾಕ್ಷಿ, ಹೊಸ ಮಾಹಿತಿ ಸಿಕ್ಕರೆ ಇಪ್ಪತ್ತು ವರ್ಷ ಅಲ್ಲ, ನಲವತ್ತು ವರ್ಷ ಆದರೂ ಮುಂದಿನ ತನಿಖೆ ನಡೆಯಬಹುದು. ನಿಮ್ಮ ಹತ್ತಿರ ಏನಾದರೂ ಇದ್ದರೆ ವಕೀಲರೊಬ್ಬರನ್ನು ನೋಡಿ. ವಿಡಿಯೋದ ಸುಳ್ಳುಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡು, ಸ್ಕ್ರೀನ್‌ಶಾಟ್ ತೆಗೆದುಕೊಂಡು, ಯೂಟ್ಯೂಬಿಗೂ ಪೊಲೀಸರ ಸೈಬರ್ ವಿಭಾಗಕ್ಕೂ ದೂರು ಕೊಡಿ. ಅತ್ಯಾಚಾರದ ಕೇಸಾಗಿದ್ದರಂತೂ ಹೆಸರು ಹೇಳುವುದೇ ಅಪರಾಧ, ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ, ಸತ್ತವರಿಗೂ ಅದು ಅನ್ವಯ.

ಬೆಂಗಳೂರಿನ ರಿಚ್ಮಂಡ್ ರಸ್ತೆಯ ಕೇಸು ಬಹಳ ಜನಕ್ಕೆ ಗೊತ್ತು. 1991ರಲ್ಲಿ ಕಾಣೆಯಾದ ಶಾಕೆರೆ ಖಲೀಲಿಯವರ ದೇಹ 1994ರಲ್ಲಿ ಅವರದೇ ಮನೆಯ ಅಂಗಳದಲ್ಲಿ ಸಿಕ್ಕಿತು. ಕೊಂದ ಎರಡನೇ ಗಂಡನ "ಸ್ವಾಮಿ" ಅನ್ನುವ ಹೆಸರು ಎಲ್ಲರ ಬಾಯಲ್ಲಿದೆ. ಅಮ್ಮ ಎಲ್ಲಿ ಅಂತ ಬಿಡದೆ ಕೇಳಿ ಪೊಲೀಸರ ಬಾಗಿಲು ಬಡಿದ ಮಗಳು ಯಾರಿಗೆ ನೆನಪಿದ್ದಾಳೆ? ಲಂಡನ್ನಿನಲ್ಲೂ ಇದೇ. ಹೆಂಗಸರನ್ನು ಕೊಂದ 1888ರ ಹಂತಕನಿಗೆ ಜ್ಯಾಕ್ ದಿ ರಿಪ್ಪರ್ ಅನ್ನುವ ಹೆಸರು ಬಂದದ್ದೇ ಸುದ್ದಿಸಂಸ್ಥೆಗೆ ಬಂದ ಒಂದು ಪತ್ರದಿಂದ, ಅದನ್ನು ಬರೆದದ್ದು ಯಾರೋ ಪತ್ರಕರ್ತನೇ ಅಂತ ಆಗಿನ ಪೊಲೀಸರಿಗೇ ಗುಮಾನಿ ಇತ್ತು. ಆ ಹೆಸರಿಗೆ 2015ರಲ್ಲಿ ಮ್ಯೂಸಿಯಂ ಕೂಡ ಆಯಿತು, ಅದೂ ಹೆಂಗಸರ ಚರಿತ್ರೆಯ ಮ್ಯೂಸಿಯಂ ಮಾಡುತ್ತೇವೆ ಅಂತ ಅನುಮತಿ ತಗೊಂಡ ಕಟ್ಟಡದಲ್ಲಿ. ಜನ ಬಾಗಿಲಲ್ಲಿ ನಿಂತು ಪ್ರತಿಭಟಿಸಿದರು. ಆಮೇಲೆ 2019ರಲ್ಲಿ ಒಬ್ಬ ಇತಿಹಾಸಕಾರ್ತಿ ಅವನು ಕೊಂದ ಐದು ಹೆಂಗಸರ ಮೇಲೇ ಪುಸ್ತಕ ಬರೆದರು. ಎಲ್ಲಿ ಹುಟ್ಟಿದರು, ಏನು ಕೆಲಸ ಮಾಡಿದರು, ಮಕ್ಕಳೆಷ್ಟು ಅನ್ನುವುದೇ ಪುಸ್ತಕ. ಹೇಗೆ ಸತ್ತರು ಅನ್ನುವ ವಿವರಕ್ಕೆ ಅದರಲ್ಲಿ ಜಾಗ ಇಲ್ಲ. ಓದಿ ಮುಗಿಸಿದ ಮೇಲೆ ಸುಮಾರು ದಿನ ನನಗೆ ಪಾಡ್‌ಕಾಸ್ಟ್ ಹಾಕೋಕೆ ಮನಸ್ಸಾಗಲಿಲ್ಲ. ಮತ್ತೆ ಹಾಕಿದೆ, ಸುಳ್ಳು ಯಾಕೆ. ಆದರೆ ಸತ್ತವರ ಹೆಸರನ್ನು ಕೂಡ ಸರಿಯಾಗಿ ಹೇಳದ ಕಾರ್ಯಕ್ರಮವನ್ನು ಈಗ ಅಲ್ಲಿಗೇ ನಿಲ್ಲಿಸುತ್ತೇನೆ.

ಅಮ್ಮನಿಗೆ ಕಾಮೆಂಟ್ ತೋರಿಸಬೇಡಿ. ಅವರು ಒಪ್ಪಿದರೆ, ಚಿಕ್ಕಮ್ಮನ ಬಗ್ಗೆ ಎರಡು ಪುಟ ಬರೆದು ಕಳಿಸಿ. ಹೊಲಿಗೆ ಮಿಷನ್ ಎಲ್ಲಿಟ್ಟಿದ್ದರು, ಯಾವ ಬಣ್ಣದ ದಾರ ಯಾವಾಗಲೂ ಖಾಲಿ ಆಗುತ್ತಿತ್ತು, ಯಾರ ಮದುವೆ ಬ್ಲೌಸಿಗೆ ರಾತ್ರಿಯೆಲ್ಲ ಕೂತಿದ್ದರು, ಅಂಥದ್ದು. ಊರು, ಹೆಸರು ಬೇಡ ಅಂದರೆ ಬೇಡ. ಈ ಅಂಕಣದ ಜಾಗವನ್ನು ಒಂದು ತಿಂಗಳು ಅದಕ್ಕೇ ಬಿಡುತ್ತೇನೆ, ತಲೆಗೂದಲಿನವರು ಇನ್ನೂ ಒಂದು ತಿಂಗಳು ಕಾಯಲಿ.